ಮರಿಸೆಲ್‌ಳ ತಾಯಿಮನೆ

ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ರೈಲಿಳಿದು ಈ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಒಣಮೀನು ಹುರಿಯುವ ವಾಸನೆ ಬಂದರೆ ನನ್ನ ತಂಗಿ ಮನೆಯಲ್ಲಿದ್ದಾಳೆ ಎಂದರ್ಥ. ನೀವು ಮೂಗು ಮುಚ್ಚಿಕೊಂಡರೂ ಅಡ್ಡಿಯಿಲ್ಲ. ಎದುರುಮನೆಯವರು ಸೊಸೈಟಿಗೆ ದೂರು ಕೊಟ್ಟು ಕೊಟ್ಟು ಸುಸ್ತಾಗಿದ್ದಾರೆ. ತಂಗಿಯ ಹೆಸರು ಮರಿಸೆಲ್, ಹುಟ್ಟಿದೂರು ಫಿಲಿಪ್ಪೀನ್ಸಿನ ಮನಿಲಾ. ಅವಳು ನನಗೆ ತಂಗಿಯಾದದ್ದು ನನ್ನ ಮೂವತ್ತನೇ ವಯಸ್ಸಿನಲ್ಲಿ, ಡೊಂಬಿವಿಲಿಯ ಒಂದು ಮದುವೆ ಹಾಲಿನಲ್ಲಿ.

ಹುಡುಗ ನಮ್ಮ ನೆರೆಯವನು, ದುಬೈ ಹೋಟೆಲಿನಲ್ಲಿ ಕೆಲಸ. ಅಲ್ಲಿ ಮೆಚ್ಚಿಕೊಂಡು ಇವಳನ್ನು ಕರೆತಂದಾಗ ಅವನ ತಾಯಿ ಬಣ್ಣ, ಭಾಷೆ ಯಾವುದನ್ನೂ ಕೇಳಲಿಲ್ಲ. "ಹುಡುಗಿಯ ಬಳಿ ಯಾವುದು?" ಎಂದರು. ನಮ್ಮ ತುಳುವರಲ್ಲಿ ಬಳಿ ಎಂಬುದು ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಗುರುತು. ಮನಿಲಾದಲ್ಲಿ ಅದು ಎಲ್ಲಿ ಸಿಗಬೇಕು? "ನನ್ನದೇ ಕೊಡ್ತೇನೆ, ನನಗೆ ಹೇಗೂ ಹೆಣ್ಣುಮಕ್ಕಳಿಲ್ಲ" ಎಂದು ನನ್ನ ಅಮ್ಮ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಮಗಳಾಗಿ ಮಾಡಿಕೊಂಡಳು, ತಾನೇ ಧಾರೆಯನ್ನೂ ಎರೆದಳು. ಅಣ್ಣನ ಲೆಕ್ಕದಲ್ಲಿ ನಾನೊಂದು ಗೋಡೆ ಗಡಿಯಾರ ಕೊಟ್ಟೆ. ಶಾಸ್ತ್ರ ಮುಗಿಯಿತೆಂದು ಊಟದ ಪಂಕ್ತಿ ಹುಡುಕಿಕೊಂಡು ಹೋದೆ.

ಕೆಲವು ವರ್ಷಗಳ ಮೇಲೆ ಪಕ್ಕದ ಕಲ್ಯಾಣ್ ಊರಿನ ಕೋರ್ಟಿನಲ್ಲಿ ಆ ಮದುವೆ ಮುರಿಯಿತು. ಗಂಡ ದುಬೈಗೆ ಹೋದ, ಪುಟ್ಟ ಮಗಳು ಇವಳ ಪಾಲಿಗೆ ಉಳಿದಳು. ಆದರೆ ಇವಳ ವೀಸಾ ಹೆಂಡತಿಯೆಂದು ಕೊಟ್ಟದ್ದು. ಈಗ ಇವಳು ದೇಶ ಬಿಡಬೇಕು, ಮಗಳನ್ನು ಕರೆದೊಯ್ಯಲು ಅಪ್ಪನ ಒಪ್ಪಿಗೆಯಿಲ್ಲ. ಎಷ್ಟೋ ದಿನ ಅವಳು ಮಗುವನ್ನು ಶಾಲೆಗೂ ಕಳಿಸದೆ ಅವಚಿಕೊಂಡು ಕೂತಿದ್ದಳು.

ನೌಪಾಡಾದ ವಕೀಲರು ದಾರಿಗಳನ್ನು ಹೇಳಿದರು. ನೌಕರಿಯ ವೀಸಾಕ್ಕೆ ಅವಳ ಪಾರ್ಲರ್ ಸಂಬಳ ಸಾಲದು. "ಇನ್ನೊಬ್ಬ ಭಾರತೀಯನನ್ನು ಮದುವೆಯಾದರೆ ಸುಲಭ" ಎಂದು, ಇನ್ನೂ ಮದುವೆಯಾಗದ ನನ್ನತ್ತ ನೋಡಿದರು.

"ಅವನು ಅಣ್ಣ!" ಎಂದು ಅಮ್ಮ ಗದರಿದಳು.

ಕೊನೆಗೆ ಉಳಿದದ್ದು ಭಾರತೀಯ ಮಗುವಿನ ತಾಯಿಯೆಂದು ಅನುಮತಿ ಕೇಳುವುದು. ಕೊಡಲೇಬೇಕೆಂಬ ನಿಯಮವಿಲ್ಲ. ಇಲ್ಲಿಯವರೊಬ್ಬರು ಜಾಮೀನು ನಿಲ್ಲಲೂ ಬೇಕು ಎಂದರು. "ನಾನಿದ್ದೇನಲ್ಲ! ಗಂಡನ ಮನೆ ಹೋಯ್ತು, ಸರಿ. ತಾಯಿಮನೆ ಎಲ್ಲಿಗೆ ಹೋಗ್ತದೆ? ಡೊಂಬಿವಿಲಿಯಲ್ಲೇ ಉಂಟು" ಎಂದಳು ಅಮ್ಮ.

ಠಾಣೆ ಶಹರದ ವೀಸಾ ಆಫೀಸಿನಲ್ಲಿ ಸಾಹೇಬರು ಕೇಳಿದರು: "ಆಜಿ, ತುಮ್ಹಿ ಹಿಚ್ಯಾ ಕೋಣ?" ಅಜ್ಜೀ, ನೀವು ಇವಳಿಗೆ ಏನಾಗಬೇಕು ಎಂದು.

"ಆಯಿ," ತಾಯಿ ಎಂದಳು ಅಮ್ಮ.

ಅವರು ಇಬ್ಬರ ಮುಖವನ್ನೂ ನೋಡಿದರು. "ಸಖ್ಖೀ?" ಅಂದರೆ, ಸ್ವಂತ ತಾಯಿಯೇ?

"ಕನ್ಯಾದಾನ ಮೀ ಕೇಲಂ," ಧಾರೆ ಎರೆದವಳು ನಾನು ಎಂದಳು ಅಮ್ಮ, ತನ್ನ ತರಕಾರಿ ಮಾರ್ಕೆಟ್ಟಿನ ಮರಾಠಿಯಲ್ಲಿ. ಸಾಹೇಬರು ಪೆನ್ನು ಕೆಳಗಿಟ್ಟು ಕುರ್ಚಿ ತೋರಿಸಿದರು. ಆ ಮಾತಿಗೇ ಅನುಮತಿ ಸಿಕ್ಕಿತೆಂದು ನಾನು ಹೇಳಲಾರೆ, ವಕೀಲರು ಬೇಸರಪಟ್ಟಾರು. ಅಂತೂ ಸಿಕ್ಕಿತು. ಆಮೇಲೆ ಪ್ರತಿ ಸಲ ಅದನ್ನು ಮುಂದುವರಿಸುವಾಗಲೂ ಅಮ್ಮ ಒಳ್ಳೆಯ ಸೀರೆ ಉಟ್ಟು ಜೊತೆಗೆ ಹೋಗುತ್ತಿದ್ದಳು.

ಈ ಸಲ ಅಮ್ಮ ಇಲ್ಲ. ಮಳೆಗಾಲಕ್ಕೆ ಮೊದಲೇ ತೀರಿಕೊಂಡಳು. ನಾಳೆ ಜಾಮೀನು ನಿಲ್ಲಬೇಕಾದವನು ನಾನು. ಗಡಿಯಾರ ಕೊಟ್ಟದ್ದು ಬಿಟ್ಟರೆ ನಾನು ಇವಳಿಗೆ ಏನು ಎಂದು ವಾಗ್ಳೆ ಎಸ್ಟೇಟಿನ ನನ್ನ ಆಫೀಸಿನಲ್ಲಿ ದಿನವಿಡೀ ಯೋಚಿಸುತ್ತ ಬಂದಿದ್ದೇನೆ.

"ಮಮ್ಮೀ, ಮಾಮಾ ಆ ಗಯೇ" ಎಂದು ತಂಗಿಯ ಮಗಳು ಬಾಗಿಲು ತೆರೆದಳು. ಮರಿಸೆಲ್ ಗಂಜಿ ಬಡಿಸಿ, ಮೀನಿನ ದೊಡ್ಡ ತುಂಡನ್ನು ಕೇಳದೆಯೇ ನನ್ನ ಬಟ್ಟಲಿಗೆ ಹಾಕಿದಳು. ಅಮ್ಮ ಹಾಕುತ್ತಿದ್ದದ್ದೂ ಹಾಗೆಯೇ.

"ನಾಳೆ ಕೇಳಿದ್ರೆ ಏನು ಹೇಳ್ತಿ, ಅಣ್ಣ?"

"ಮಾಝೀ ಬಹೀಣ್. ನನ್ನ ತಂಗಿ ಅಂತ."

ಅವಳು ಹುಬ್ಬೇರಿಸಿ, ಸಾಹೇಬರ ದನಿಯಲ್ಲಿ ಕೇಳಿದಳು: "ಸಖ್ಖೀ?"

"ಸಖ್ಖೀ" ಎಂದೆ.