ನಿತ್ಯಪುಷ್ಪಕ್ಕೆ ದೊಡ್ಡಕ್ಕನ ಮುಷ್ಟಿ ಲೆಕ್ಕ

ನಮ್ಮೆಜಮಾನರ ಅಕ್ಕ ಟೈಲರ್. ಮನೆಯವರಿಗೆಲ್ಲ ದೊಡ್ಡಕ್ಕ. ಗಿರಾಕಿ ತಂದ ಅಳತೆ ರವಿಕೆಯನ್ನೂ ನಂಬದೆ ಟೇಪು ಹಿಡಿದು ಎರಡೆರಡು ಸಲ ಅಳೆಯುವ ಹೆಂಗಸು, ಇನ್ನು ತಮ್ಮನ ಹೆಂಡತಿಯನ್ನು ನಂಬುತ್ತಾರೆಯೇ? ನಾನೇನು ಕಮ್ಮಿ? ಅವರು ನಕ್ಕರೂ ನನಗೆ ಅನುಮಾನ.

ಅವರ ಹೊಲಿಗೆ ಕೋಣೆಯ ಕಿಟಕಿ ಕೆಳಗೆ ನಿತ್ಯಪುಷ್ಪದ ಗಿಡಗಳಿವೆ, ವರ್ಷವಿಡೀ ಹೂ. ಕಣಜ ಕಚ್ಚಿದರೆ ಎಲೆಯ ರಸ, ಸಕ್ಕರೆ ಕಾಯಿಲೆಗೆ ಕಷಾಯ, ಇದು ಅವರ ಅಜ್ಜಿಯಿಂದ ಬಂದದ್ದು. ನಮ್ಮೆಜಮಾನರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದದ್ದೇ ತಡ, ದೊಡ್ಡಕ್ಕ ಒಲೆ ಮೇಲೆ ನೀರಿಟ್ಟರು. ಬಟ್ಟೆಯಲ್ಲಿ ದಾರದಷ್ಟು ವ್ಯತ್ಯಾಸ ಸಹಿಸದ ಕೈಗೆ ಎಲೆ ಹಾಕುವಾಗ ಮಾತ್ರ ಮುಷ್ಟಿ ಲೆಕ್ಕ. ಮೊದಲು ತಾವೇ ಮೂರು ದಿನ ಕುಡಿದರು. ತಮಗೇನೂ ಆಗಲಿಲ್ಲವಲ್ಲ, ಇನ್ನು ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸು ಅಂತ ತಮ್ಮನಿಗೆ ಅಪ್ಪಣೆಯಾಯಿತು. ಇವರೋ, ಅಕ್ಕ ಹಾಕಿದ ಗೆರೆ ದಾಟುವವರಲ್ಲ. ನಿಲ್ಲಿಸಿಯೇಬಿಟ್ಟರು.

ನಾನು ಬಾಯಿ ಬಿಟ್ಟರೆ ಜಗಳ. ಅದಕ್ಕೇ ಮಾತ್ರೆ ಪುಡಿ ಮಾಡಿ ಇವರ ತಿಂಡಿಯಲ್ಲಿ ಬೆರೆಸತೊಡಗಿದೆ. ಕಷಾಯ ಕೈಗೆ ಸಿಕ್ಕಾಗೆಲ್ಲ ಬಚ್ಚಲಿಗೆ ಸುರಿದೆ. ಒಂದು ದಿನ ದೊಡ್ಡಕ್ಕ ಬಚ್ಚಲಲ್ಲಿ ಎಲೆಯ ಚೂರು ಕಂಡರು. ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಲೋಟ ಹಿಡಿದು ತಮ್ಮನ ಎದುರೇ ಕೂತು, ಕುಡಿಸಿಯೇ ಎದ್ದರು.

ಹತ್ತು ಗಂಟೆ ಹೊತ್ತಿಗೆ ಇವರು ಬೆವತು ತೊಪ್ಪೆಯಾದರು. ಕೈ ನಡುಕ, ಮಾತು ತೊದಲು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವರೇನು ಹಾಕಿದರೋ ಅಂತ ನಾನು, ನಾನೇನು ಹಾಕಿದೆನೋ ಅಂತ ಅವರು, ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತಿದ್ದೆವು.

ಸಕ್ಕರೆ ಪಾತಾಳಕ್ಕಿಳಿದಿದೆ, ಏನೇನು ಕೊಟ್ಟಿದ್ದೀರಿ ಅಂದರು ಡಾಕ್ಟರು. ನಾನು ದೊಡ್ಡಕ್ಕನ ಕಡೆ ಬೆರಳು ತೋರಿಸುವಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

"ನಿತ್ಯಪುಷ್ಪದ ಕಷಾಯ. ದಿನಾ ಒಂದು ಮುಷ್ಟಿ, ಇವತ್ತು ಎರಡು. ಇವಳು ಚೆಲ್ತಿದ್ದಾಳೆ ಅಂತ ಗೊತ್ತಾಯ್ತು, ಅದಕ್ಕೆ."

ಎತ್ತಿದ ಬೆರಳು ಮಡಚಿಕೊಂಡೆ. "ಮಾತ್ರೆ ನಾನು ಕೊಟ್ಟೆ," ಅಂದೆ. "ತಿಂಡಿಯಲ್ಲಿ. ಇವರಿಗೇ ಗೊತ್ತಿಲ್ಲ."

ಡಾಕ್ಟರು ಇಬ್ಬರನ್ನೂ ಸರಿಯಾಗಿ ಝಾಡಿಸಿದರು. ಆ ಗಿಡದಲ್ಲಿ ವಿಷದ ಅಂಶವೂ ಇದೆಯಂತೆ. ಮಾತ್ರೆ ಜೊತೆ ಸೇರಿದರೆ ಸಕ್ಕರೆ ತೀರಾ ಇಳಿಯಬಹುದಂತೆ. ಕಾಯಿಲೆ ಇಲ್ಲದವರು ಕುಡಿದು ನೋಡುವುದು ಪರೀಕ್ಷೆಯೇ ಅಲ್ಲ, ಕದ್ದು ಕೊಡುವ ಮಾತ್ರೆಯೂ ಅಷ್ಟೇ ಅಪಾಯ ಅಂದರು.

ಸಂಜೆ ಇವರು ಕಣ್ಣು ಬಿಟ್ಟು ಹಸಿವು ಅಂದರು. ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡಕ್ಕ ಕೊರಳಲ್ಲೇ ಉಳಿದಿದ್ದ ಟೇಪನ್ನು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು.

"ಚೆಲ್ಲಿದ್ದು ಕಂಡಾಗಲೇ, ಯಾಕೆ ಅಂತ ನಿನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು," ಅಂದರು.

ಕೇಳಿದ್ದರೂ ನಾನು ಸುಳ್ಳೇ ಹೇಳುತ್ತಿದ್ದೆ.