ಗೋಡೆಯಾಚೆಗಿನ ಎರಡು ಹೆಜ್ಜೆ

ಒಕಿನಾವಾದ ತೊಮಾರಿಯಲ್ಲಿ, ನಮ್ಮ ಬೀದಿಯ ತೋಫು ಮಾಡುವ ಕಾಮೆಸುಕೆ ಝುಕೆರಾನ್ ಎಪ್ಪತ್ತೆಂಟಕ್ಕೆ ಎಷ್ಟು ದಣಿದಿದ್ದನೆಂದರೆ, ಅವನು ಆಕಳಿಸಿದರೆ ಬಂದರಿನ ದೋಣಿಗಳು ಹಗ್ಗ ಜಗ್ಗುತ್ತಿದ್ದವು. ಬೆಳಿಗ್ಗೆ ಸೋಯಾ ಅರೆಯುವುದು, ಸಂಜೆ ಅಂಗಳದಲ್ಲಿ ಕರಾಟೆ ಕಲಿಸುವುದು. ಐವತ್ತು ವರ್ಷ ಇದೇ ಆಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನ ಗುರುಗಳು ಇದೇ ಅಂಗಳದಲ್ಲಿ ತಮ್ಮ ಶೈಲಿಯ ದೊಡ್ಡ ಕತಾವನ್ನು, ಹೊಡೆತ, ತಡೆ, ತಿರುವುಗಳ ಆ ಉದ್ದನೆಯ ಸರಣಿಯನ್ನು, ಕಲಿಸಿದ್ದರು. "ಇದನ್ನ ಇಡಿಯಾಗಿ ಇನ್ನೊಬ್ಬರಿಗೆ ದಾಟಿಸೋ ತನಕ ಕೂರಬೇಡ" ಅಂದು ಸತ್ತರು. ಸತ್ತವರಿಗೇನು, ಅವರಿಗೆ ಮಂಡಿ ನೋಯುವುದಿಲ್ಲ.

ಟ್ಯಾಕ್ಸಿ ಓಡಿಸುವ ಶಿಷ್ಯ ಸೇಹೋ ಅಂತೂ ಅದನ್ನು ಪೂರ್ತಿ ಕಲಿತ. ಮುಂದಿನ ಗುರು ನೀನೇ ಎಂದು ಕರಾಟೆ ಶಾಲೆಯ ಹೆಸರಿನ ಬೋರ್ಡನ್ನು ಅವನಿಗೆ ಒಪ್ಪಿಸುವ ದಿನವೇ ಪೆರುವಿನಿಂದ ಮರೀನಾ ತೊಕೇಶಿ ಬಂದಿಳಿದಳು. ಅವಳ ಅಜ್ಜ ಯುದ್ಧಕ್ಕೂ ಮುಂಚೆ ಅದೇ ಗುರುಗಳ ಬಳಿ ಕಲಿತು ಹಡಗು ಹತ್ತಿದವನು.

"ಅಜ್ಜಾ, ನಮ್ಮಜ್ಜ ಕಲಿಸಿದ್ದನ್ನ ಒಂದ್ಸಲ ಮಾಡಿ ತೋರಿಸ್ಲಾ?"

"ಬೇಗ ತೋರ್ಸಮ್ಮ. ನಾನು ಹೋಗಿ ಬಿದ್ಕೋಬೇಕು."

ಹೆಜ್ಜೆಗೆ ಹೆಜ್ಜೆ ಅದೇ. ಆದರೆ ಕೊನೆಗೆ ಎಲ್ಲರೂ ತಲೆಬಾಗುವಲ್ಲಿ ಅವಳು ಬಾಗದೆ, ಕಾಂಪೌಂಡ್ ಗೋಡೆಗೆ ಮೂಗು ತಾಗಿಸಿ ನಿಂತಳು.

"ಇನ್ನೂ ಎರಡು ಹೆಜ್ಜೆ ಇದೆ. ಗೋಡೆ ಅಡ್ಡ ಬಂತು."

ಸೇಹೋ ನಕ್ಕ. "ಪೆರುವಿನ ನೀರಿಗೆ ಎರಡು ಹೆಜ್ಜೆ ಜಾಸ್ತಿ ಬೆಳೀತೇನಕ್ಕಾ?"

ಮೊಳಕೆಕಾಳು ಆರಿಸುತ್ತಿದ್ದ ಕಾಮೆಸುಕೆಯ ಹೆಂಡತಿ ಉಶಿ ತಲೆಯೆತ್ತಿದಳು. "ಬೆಳ್ದಿದ್ದಲ್ವೋ, ಇಲ್ಲಿ ಕತ್ತರಿಸಿದ್ದು. ಯುದ್ಧ ಆದ್ಮೇಲೆ ರಸ್ತೆ ಅರ್ಧ ಅಂಗಳ ನುಂಗ್ತು. ನಾನು ಚಿಕ್ಕವಳಿದ್ದಾಗ ಗುರುಗಳು ಆಚೆ ಇದ್ದ ಪಪ್ಪಾಯಿ ಮರದ ತನಕ ಹೋಗೋರು."

"ಐವತ್ತು ವರ್ಷದಿಂದ ಬಾಯಿಗೇನಾಗಿತ್ತೇ?" ಎಂದು ಕಾಮೆಸುಕೆ ಸಿಡುಕಿದ.

"ಉಳಿದಿದ್ದನ್ನ ಗುರುಗಳು ನಿಮಗೆ ಬಾಯಲ್ಲಾದ್ರೂ ಹೇಳಿರ್ತಾರೆ ಅನ್ಕೊಂಡೆ. ನೀವು ಕೇಳಿದ್ರಾ?"

ಕಾಮೆಸುಕೆ ಬೋರ್ಡನ್ನು ಎದೆಗವಚಿಕೊಂಡು ನಿಂತ. ಸೇಹೋ ಕೈ ಚಾಚಿಯೇ ಇದ್ದ. "ಅದು ಅವರ ಪದ್ಧತಿ, ಇದು ನಮ್ಮದು" ಎಂದು ಕೊಟ್ಟುಬಿಟ್ಟರೆ ಆಗಿಹೋಯಿತು. ಹಾಸಿಗೆ ಹತ್ತೇ ಮಾರು ದೂರ. ಹಾಸಿಗೆಯ ಕಡೆ ಅವನು ನೋಡಿದ ನೋಟ ನೋಡಿದ್ದರೆ ಉಶಿಗೆ ಸವತಿ ಬಂದಳೇನೋ ಅನ್ನಿಸಬೇಕು.

ಬೋರ್ಡನ್ನು ಮೊದಲಿದ್ದ ಮೊಳೆಗೇ ತೂಗುಹಾಕಿದ. "ಎಲ್ರೂ ರಸ್ತೆಗೆ ಬನ್ನಿ."

ರಸ್ತೆಯ ನಡುವೆ ಮರೀನಾ ಮುಂದೆ, ಮುದುಕ ಹಿಂದೆ. ಮೊದಲ ಹೆಜ್ಜೆ ಬಂತು. ಎರಡನೆಯದಕ್ಕೆ ಮಂಡಿ ಕೈಕೊಟ್ಟು ದೊಪ್ಪನೆ ಕುಸಿದ. ಎದುರು ಬಂದ ಬಸ್ಸಿನ ಹಾರ್ನಿಗೆ ಆಚೆ ದ್ವೀಪದ ಹಂದಿಗಳೂ ಎದ್ದವು.

"ಸೇಹೋ, ಆ ಡ್ರೈವರಿಗೆ ಬೇರೆ ದಾರೀಲಿ ಹೋಗು ಅನ್ನು," ಎನ್ನುತ್ತ ಕಾಮೆಸುಕೆ ನೆಲಕ್ಕೆ ಕೈಯೂರಿ ಎದ್ದ. "ಮರೀನಾ, ಇನ್ನೊಂದ್ಸಲ. ನಿಧಾನಕ್ಕೆ."