ಏಳ್ರಿ ಊಟಕ್ಕ

ನಮ್ಮ ರೋಣದಲ್ಲಿ ಹಾರ್ಮೋನಿಯಂಗೆ ಪೆಟಗಿ ಅನ್ನುತ್ತಾರೆ. ಹಾಗಾಗಿ ನನ್ನ ಕೀಬೋರ್ಡಿಗೂ ಪೆಟಗಿ ಎಂದೇ ಹೆಸರು ಬಿತ್ತು. ಅದರಲ್ಲಿ ನೂರಾರು ವಾದ್ಯಗಳ ದನಿ ಇದೆ, ಹೊರಗಿನ ಸದ್ದನ್ನು ಹಿಡಿದು ಗುಂಡಿಗೊಂದರಂತೆ ಇಟ್ಟುಕೊಳ್ಳಬಹುದು, ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಬಹುದು ಎಂದೆಲ್ಲ ವಿವರಿಸಿದರೆ ತಾಳ್ಮೆಯಿಂದ ಕೇಳಿ, ‘ಅದೆಲ್ಲಾ ಖರೇರಿ, ಗಾಳಿ ಎಲ್ಲಿಂದ ಹಾಕ್ತೀರಿ?’ ಎನ್ನುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸುವುದೇ ನನ್ನ ಹಣೆಬರಹ.

ನನ್ನ ಸ್ಟುಡಿಯೋ ಎಂದರೆ ಜೋಳದ ಚೀಲ ಒಟ್ಟಿದ ಕೋಣೆ. ಚೀಲಗಳು ಎಲ್ಲ ಸದ್ದನ್ನೂ ನುಂಗುತ್ತವೆ, ಪಕ್ಕದ ಹಿಟ್ಟಿನ ಗಿರಣಿಯದೊಂದನ್ನು ಬಿಟ್ಟು. ಕರೆಂಟಿದ್ದಾಗ ಗಿರಣಿ ನಡೆಯುತ್ತದೆ. ಗಿರಣಿ ನಿಂತಾಗ ಕರೆಂಟಿರುವುದಿಲ್ಲ. ಕೊನೆಗೆ ಸೋತು, ಗಿರಣಿಯ ಗುಂಯ್ ಸದ್ದನ್ನೇ ಶ್ರುತಿಯೆಂದು ಒಪ್ಪಿಕೊಂಡೆ. ಈಗ ನನ್ನ ಹಾಡುಗಳೆಲ್ಲ ಒಂದೇ ಶ್ರುತಿಯಲ್ಲಿವೆ, ಹಾಡುವವರ ಗಂಟಲು ಏನಾದರಾಗಲಿ.

ತಾಳಕ್ಕೆ ಅವ್ವನ ರೊಟ್ಟಿ. ಅವಳು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಯಾವ ಡ್ರಮ್ಮೂ ಸಾಟಿಯಿಲ್ಲವೆಂದು ಒಂದು ದಿನ ಮೈಕು ಹಿಡಿದು ಅಡುಗೆಮನೆಯಲ್ಲಿ ಕುಳಿತೆ. ಒಳ್ಳೆಯ ತಾಳ ಬರುತ್ತಿದ್ದಾಗಲೇ ಅವಳು ಪಡಸಾಲೆಯಲ್ಲಿದ್ದ ಅಪ್ಪನಿಗೆ, ‘ಏಳ್ರಿ ಊಟಕ್ಕ, ರೊಟ್ಟಿ ಆರ್ತಾವು’ ಎಂದು ಕೂಗಿದಳು. ಓಣಿಯ ಆ ತುದಿಗೆ ಮುಟ್ಟುವ ಗಂಟಲು. ನನಗೆ ಸಿಟ್ಟು ಬಂತು. ಆಮೇಲೆ ಅಳಿಸಿದರಾಯಿತೆಂದು ಕೂಗನ್ನು ಬೇರೆ ಗುಂಡಿಗೆ ಹಾಕಿಟ್ಟೆ.

ಅಳಿಸುವ ಮೊದಲೇ ಅವ್ವನ ಗಂಟಲಲ್ಲಿ ಗಂಟಾಗಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಪಿಸುಮಾತಷ್ಟೇ. ನಾಲ್ಕು ಜನರೆದುರು ಬಾಯಿ ತೆರೆಯಲು ನಾಚಿ ಮದುವೆಗೆ, ಬಸುರಿಯರ ಕುಬಸಕ್ಕೆ ಹೋಗುವುದನ್ನೇ ಬಿಟ್ಟಳು. ಊಟಕ್ಕೆ ಕರೆಯಲು ತಾಟು ಬಡಿಯತೊಡಗಿದಳು. ಗಂಟೆ ಬಾರಿಸಿ ನೈವೇದ್ಯಕ್ಕೆ ಕರೆಯಲು ತಾನೇನು ದೇವರೇ ಎಂದು ಗೊಣಗುತ್ತ ಅಪ್ಪ ಕುಳಿತಲ್ಲೇ ಕುಳಿತಿರುತ್ತಿದ್ದ. ಬೈಗುಳವೂ ಕೇಳಿಸದ ಮನೆಯಲ್ಲಿ ನನಗೆ ಬಹಳ ಸಂಕಟವಾಗುತ್ತಿತ್ತು. ಆ ಗುಂಡಿ ಒತ್ತುವ ಧೈರ್ಯ ನನಗಿರಲಿಲ್ಲ, ಅಳಿಸುವ ಧೈರ್ಯವಂತೂ ಇರಲೇ ಇಲ್ಲ.

ಆಮೇಲೆ ಗಜೇಂದ್ರಗಡದಲ್ಲಿ ನನ್ನ ಸೋದರಮಾವನ ಮಗಳ ಮದುವೆ ಬಂತು. ವಾದ್ಯ ನನ್ನದೇ. ತಮ್ಮನ ಮಗಳೆಂದು ಅವ್ವನೂ ಬಂದಳು. ಬಾಯಿಗೆ ಸೆರಗು ಹಿಡಿದು ಕಂಬದ ಮರೆಗೆ ಕುಳಿತಳು. ಅಯ್ಯನವರು ಮಂಗಳಾಷ್ಟಕ ಹೇಳುತ್ತಿದ್ದರು. ಜನರೆಲ್ಲ ಅಕ್ಕಿಕಾಳು ಹಿಡಿದು ಕಾಯುತ್ತಿದ್ದರು. ಕೊನೆಯ ನುಡಿಗೆ ನಾನು ಸನಾದಿಯ ದನಿ ಹೊರಡಿಸಬೇಕಿತ್ತು. ಬೆವರಿದ ಬೆರಳು ಜಾರಿ ಪಕ್ಕದ ಗುಂಡಿಗೆ ಬಿತ್ತು. ನಾಲ್ಕೂ ಸ್ಪೀಕರುಗಳಿಂದ ಅವ್ವ ಕೂಗಿದಳು: ‘ಏಳ್ರಿ ಊಟಕ್ಕ, ರೊಟ್ಟಿ ಆರ್ತಾವು.’

ನಮ್ಮ ಕಡೆಯವರು ಮುಹೂರ್ತ ತಪ್ಪಿದರೂ ಮೊದಲ ಪಂಕ್ತಿ ತಪ್ಪಿಸುವುದಿಲ್ಲ. ಕೈಯಲ್ಲಿದ್ದ ಅಕ್ಕಿಕಾಳನ್ನು ವಧೂವರರು ಇರಬಹುದಾದ ದಿಕ್ಕಿಗೆ ಎಸೆದು ಎಲ್ಲರೂ ಎದ್ದರು. ವರನೂ ಅರ್ಧ ಎದ್ದ. ಸೋದರಮಾವ ಅವನ ಹೆಗಲು ಅದುಮಿ ಕೂರಿಸಿದ. ಅನ್ನ ಇನ್ನೂ ಬಸಿದಿಲ್ಲವೆಂದು ಅಡುಗೆಯವರು ಬಾಗಿಲಿಗೆ ಅಡ್ಡ ನಿಂತರು. ಎಲ್ಲರಿಗಿಂತ ಮುಂದೆ ಅಪ್ಪ ಆಗಲೇ ಕೈ ತೊಳೆಯುತ್ತಿದ್ದ.

ಅಯ್ಯನವರು ಎಲ್ಲರನ್ನೂ ಗದರಿಸಿ ಕೂರಿಸಿ, ಹೊಸದಾಗಿ ಅಕ್ಕಿಕಾಳು ಹಂಚಿಸಿ ಮದುವೆ ಮುಗಿಸಿದರು. ಭೂಮಿ ಬಾಯಿಬಿಟ್ಟರೆ ಸಾಕೆಂದು ನಾನು ಕುಳಿತಿದ್ದೆ. ಅಷ್ಟರಲ್ಲಿ ಅವ್ವ ಅಷ್ಟೂ ಜನರ ನಡುವೆ ನಡೆದು ನನ್ನ ಹತ್ತಿರ ಬಂದಳು. ಬೈಯಲು ಬಂದಳೆಂದುಕೊಂಡೆ. ಬಾಯಿಯ ಮೇಲೆ ಸೆರಗಿರಲಿಲ್ಲ.

‘ಈಗ ಖರೇನ ಊಟದ ಹೊತ್ತಾತು,’ ಎಂದು ಪಿಸುಗುಟ್ಟಿದಳು. ‘ಇನ್ನೊಮ್ಮಿ ಒತ್ತು.’

ಒತ್ತಿದೆ. ಈ ಸಲ ಒಬ್ಬರೂ ಅಲುಗಾಡಲಿಲ್ಲ. ಒಮ್ಮೆ ಮೋಸಹೋದ ಜನ ಪೆಟಗಿಯ ಮಾತನ್ನು ಮತ್ತೆ ನಂಬುತ್ತಾರೆಯೇ? ಅಡುಗೆಯವರು ಅನ್ನದ ಬುಟ್ಟಿ ಹಿಡಿದು ಖಾಲಿ ಪಂಕ್ತಿಯ ಮುಂದೆ ನಿಂತಿದ್ದರು.

ಅಪ್ಪ ಒಬ್ಬನೇ ಎದ್ದ. ಸ್ಪೀಕರಿನ ಕಡೆ ನೋಡಲಿಲ್ಲ. ಅವ್ವನ ಕಡೆ ತಿರುಗಿ, ‘ಬಂದ್ನಿ ತಡಿ’ ಎಂದ.